ಐಸ್‌ಕ್ಯಾಂಡಿ ಕಡ್ಡಿ ಮತ್ತು ಹದಿನಾಲ್ಕನೇ ಪುಟ

ಬೇಸಿಗೆ ರಜೆ ಸುರುವಾದ ಮೇಲೆ ಒಂದು ಬೆಳಿಗ್ಗೆ, ಮಗಳ ಶಾಲೆಯ ಚೀಲವನ್ನು ಒಗೆಯಲೆಂದು ಬೋರಲು ಹಾಕಿ ಕೊಡವಿದೆ. ಮೊಂಡು ಪೆನ್ಸಿಲ್‌ಗಳು, ಅರ್ಧ ತಿಂದ ರಬ್ಬರು, ನಾಲ್ಕು ಹುಣಸೆ ಬೀಜ, ಯಾರದ್ದೋ ಕಾಲ್ಗೆಜ್ಜೆಯ ಒಂದು ಗುಂಡು ಬಿದ್ದವು. ಕಡೆಗೆ ಎರಡು ಐಸ್‌ಕ್ಯಾಂಡಿ ಕಡ್ಡಿಗಳು. ಎರಡರ ತುದಿಗೂ ಕೆಂಪು ನೈಲ್ ಪಾಲಿಶ್ ಹಚ್ಚಿದೆ. ಒಂದರ ಮೇಲೆ ಪೆನ್ನಿನಲ್ಲಿ ‘ಧನ್ಯಾ’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಅಮ್ಮ’ ಎಂದು.

ಬೇರೆಯವರಾಗಿದ್ದರೆ ಬಚ್ಚಲ ಒಲೆಗೆ ಹಾಕುತ್ತಿದ್ದರೋ ಏನೋ. ನಾನು ಎರಡನ್ನೂ ತೊಳೆದು, ಸೆರಗಿನಲ್ಲಿ ಒರೆಸಿ, ದೇವರ ಮಣೆಯ ಬದಿಗಿಟ್ಟು ಕೈಮುಗಿದೆ. ಜಗಲಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ಅಲ್ಲಿಂದಲೇ ನೋಡಿದರು.

"ಐಸ್‌ಕ್ಯಾಂಡಿ ಕಡ್ಡಿಗೂ ಕೈ ಮುಗುಕೆ ಸುರು ಮಾಡಿದ್ಯಾ ಹೆಣೆ? ನಾಳೆ ಚಾಕಲೇಟ್ ಕಾಗ್ದಕ್ಕೆ ಆರತಿ ಎತ್ತುದಾ?"

ಆ ಕಡ್ಡಿಗಳನ್ನು ಕಂಡರೆ ಇವತ್ತಿಗೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಕಳೆದ ವರ್ಷ ಒಂದು ತಿಂಗಳ ಅಂತರದಲ್ಲಿ ನನಗೆ ಎರಡು ದೊಡ್ಡ ಆಘಾತಗಳಾದವು. ಈ ಕಡ್ಡಿಗಳು ಮನೆಗೆ ಬಂದದ್ದು ಮೊದಲನೆಯದರಿಂದ, ಎರಡನೆಯದಕ್ಕೆ ಇವೇ ಸಾಕ್ಷಿ.

ನಮ್ಮ ಊರು ತ್ರಾಸಿ. ಹೆದ್ದಾರಿಯ ಆಚೆ ಬದಿಗೆ ಕಡಲು, ಈಚೆ ಬದಿಗೆ ಒಳದಾರಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಕುಂದಾಪುರದ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ನಮ್ಮನೆಯವರು, ನಾನು, ಮಗಳು ಧನ್ಯಾ. ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಹುಟ್ಟಿದವಳು ಅವಳು. ಕಾದ ಒಂಬತ್ತು ವರ್ಷವೂ ಸಂಜೆ ಬಿಡದೆ ದೇವಿಯ ಹಾಡು ಹೇಳಿದ್ದೇನೆ. ಜ್ವರ ಬಂದ ದಿನವೂ ಮಲಗಿಕೊಂಡೇ ಹೇಳಿದ್ದೇನೆ. ಮಲಗುವ ಮೊದಲು ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಅತ್ತೆಯ ಮೊಣಕಾಲು ಇವತ್ತು ಕಡಿಮೆ ನೋಯಿತು, ಒಣಗಲು ಹಾಕಿದ ಹಪ್ಪಳಕ್ಕೆ ಕಾಗೆ ಬರಲಿಲ್ಲ, ಇಂಥವು. ಧನ್ಯಾ ಹುಟ್ಟಿದ ಮೇಲೆ ಎಣಿಕೆ ಅವಳಿಂದಲೇ ಸುರುವಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಕೊಕ್ಕರ್ಣೆಯಲ್ಲಿ. ನಮ್ಮ ಮನೆಯಲ್ಲಿ ಅಕ್ಷರ ಎಂದರೆ ದೇವರು. ಇದು ಬಾಯಿಮಾತಿಗೆ ಹೇಳುವುದಲ್ಲ. ನೆಲಗಡಲೆ ಕಟ್ಟಿ ತಂದ ಕಾಗದದ ಚೂರಿಗೆ ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ನಮ್ಮಮ್ಮ ಗೊಬ್ಬರದ ಚೀಲವನ್ನು ಕಾಲೊರೆಸಲು ಹಾಕುವಾಗ ಅದರ ಮೇಲಿನ ಅಕ್ಷರಗಳು ಅಡಿಗೆ ಬರುವಂತೆ ಮಗುಚಿ ಹಾಕುತ್ತಿದ್ದಳು. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟರೆ ಮೂರು ದಿನ ಯಾರೂ ಓದುವಂತಿಲ್ಲ. ವರ್ಷದಲ್ಲಿ ನಾನು ಸರಸ್ವತಿಯನ್ನು ಮನಸಾರೆ ಪ್ರೀತಿಸುತ್ತಿದ್ದುದು ಆ ಮೂರು ದಿನ.

ಉಳಿದ ದಿನಗಳಲ್ಲಿ ಮುಸ್ಸಂಜೆಗೆ ಕೈಕಾಲು ತೊಳೆದು ದೀಪದ ಎದುರು ಕೂತು ಬಾಯಿಪಾಠ. ವಾರ, ತಿಂಗಳು, ತಿಥಿ, ಮಗ್ಗಿ. ಕಡೆಗೆ ಇಪ್ಪತ್ತೇಳು ನಕ್ಷತ್ರ. ಅರ್ಥ ಯಾರೂ ಹೇಳುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ಪೂರ್ವಾಷಾಢ, ಉತ್ತರಾಷಾಢ ಎಂಬುವರು ಇಬ್ಬರು ಅಣ್ಣತಮ್ಮಂದಿರು, ಬೊಂಬಾಯಿಯ ಹೋಟೆಲಿನಲ್ಲಿದ್ದಾರೆ ಎಂದೇ ನಾನು ನಾಲ್ಕನೇ ಕ್ಲಾಸಿನವರೆಗೆ ನಂಬಿದ್ದೆ. ಅವರು ಊರಿಗೆ ಯಾವಾಗ ಬರುತ್ತಾರೆ ಎಂದು ಅಮ್ಮನನ್ನು ಕೇಳಿ ಬೈಸಿಕೊಂಡದ್ದೂ ಇದೆ.

ಹೀಗೆ ಬೆಳೆದವಳು ಮಗಳಿಗೆ ಹೇಗೆ ಕಲಿಸಬಹುದು? ಹಾಗೆಯೇ ಕಲಿಸಿದೆ. ಧನ್ಯಾಳ ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಿ, ಅರಸಿನ ಕುಂಕುಮ ಹಚ್ಚಿ, ದೇವರ ಕೋಣೆಯ ಮೇಲಿನ ಹಲಗೆಯಲ್ಲಿಟ್ಟೆ. ಸಂಜೆ ಕೈಕಾಲು ತೊಳೆದ ಮೇಲೆ ಮಾತ್ರ ಇಳಿಸುವುದು. ಪುಸ್ತಕ ನನ್ನ ತೊಡೆಯ ಮೇಲೆ, ಅವಳು ನನ್ನ ಎದುರಿಗೆ. ನಾನು ಒಂದು ಸಾಲು ಓದುವುದು, ಅವಳು ಹಾಗೆಯೇ ಹೇಳುವುದು. ಅಕ್ಷರದ ಮೇಲೆ ಬೆರಳಿಡಬಾರದು, ಅದು ಸರಸ್ವತಿಯ ಮೈ ಎಂದು ಹೇಳಿಕೊಟ್ಟಿದ್ದೆ. ಮೂರು ಸಂಜೆಯಲ್ಲಿ ಪಾಠ ಪೂರ್ತಿ ಅವಳ ಬಾಯಲ್ಲಿ. ನಾಲ್ಕನೆಯ ಸಂಜೆ ನಾನು ಪುಸ್ತಕವನ್ನು ಅವಳ ಕೈಗೆ ಕೊಡುತ್ತಿದ್ದೆ. ಅವಳು ಪುಟ ತಿರುವುತ್ತ ಒಂದು ತಪ್ಪಿಲ್ಲದೆ ಓದುತ್ತಿದ್ದಳು.

ನಾನು ಈ ಸುದ್ದಿಯನ್ನು ಬಸ್‌ಸ್ಟಾಪಿನಲ್ಲಿ, ದೇವಸ್ಥಾನದಲ್ಲಿ, ಮೀನು ತರುವ ಹೆಂಗಸಿನ ಬುಟ್ಟಿಯ ಎದುರು, ಎಲ್ಲ ಕಡೆ ಹೇಳಿಕೊಂಡು ಬಂದೆ. ಎರಡನೇ ಕ್ಲಾಸು, ಪುಸ್ತಕ ಪೂರ್ತಿ ಓದುತ್ತಾಳೆ. ದೇವರು ಒಂಬತ್ತು ವರ್ಷದ ಬಡ್ಡಿ ಸೇರಿಸಿ ಕೊಟ್ಟ ಎಂದು.

ಬಸ್‌ಸ್ಟಾಪಿನ ಮಾತು ಬಂತು. ನಮ್ಮ ಕಡೆ ಬಸ್ಸಿನ ಬೋರ್ಡು ಓದುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಹಳದಿ ಬಸ್ಸು ಬಂದರೆ ಬೈಂದೂರು, ನೀಲಿಗೆ ಕೆಂಪು ಪಟ್ಟಿ ಇದ್ದರೆ ಕುಂದಾಪುರ. ನಮ್ಮ ಅತ್ತೆ ಕಾರ್ಖಾನೆಯಲ್ಲಿ ಗೇರುಬೀಜ ಸುಲಿಯಲು ಹೋಗುತ್ತಿದ್ದ ಕಾಲದಲ್ಲಿ ಅಂಗಳದಲ್ಲಿ ನಿಂತು ಹಾರ್ನ್ ಕೇಳಿಯೇ ಚಪ್ಪಲಿ ಮೆಟ್ಟುತ್ತಿದ್ದರಂತೆ. ಅವರಿಗೆ ಓದು ಬರುವುದಿಲ್ಲ. ನನಗೆ ಬರುತ್ತದೆ. ಆದರೂ ನಾನು ಬೋರ್ಡು ನೋಡುವುದಿಲ್ಲ. ಒಮ್ಮೆ ಯಾವುದೋ ಬಸ್ಸಿಗೆ ಹೊಸ ಬಣ್ಣ ಬಳಿದಾಗ ನಾವಿಬ್ಬರೂ ಒಟ್ಟಿಗೇ ಬ್ರಹ್ಮಾವರ ತಲುಪಿದ್ದೆವು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಧನ್ಯಾಳ ಟೀಚರು ಒಂದು ಚೀಟಿ ಕಳುಹಿಸಿದರು. ವಿನುತಾ ಟೀಚರು ಎಂದು, ಬ್ರಹ್ಮಾವರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಾರೆ. ಶನಿವಾರಕ್ಕೊಬ್ಬರಂತೆ ಅಮ್ಮಂದಿರು ಬಂದು ಒಂದು ಗಂಟೆ ಮಕ್ಕಳ ಜೊತೆ ಕೂತು ಓದಬೇಕು, ಈ ಶನಿವಾರ ನೀವು ಬನ್ನಿ ಎಂದು ಬರೆದಿದ್ದರು. ನಾನು ಹಬ್ಬಕ್ಕೆ ಹೊರಟವಳ ಹಾಗೆ ಹೊರಟೆ. ಮಲ್ಲಿಗೆಯನ್ನೂ ಮುಡಿದಿದ್ದೆ.

ಒಳಗೆ ಕಾಲಿಟ್ಟದ್ದೇ ಗಾಬರಿಯಾಯಿತು. ಕೋಣೆಯ ತುಂಬ ಚೀಟಿಗಳು. ಬಾಗಿಲ ಮೇಲೆ ‘ಬಾಗಿಲು’, ಕಿಟಕಿಗೆ ‘ಕಿಟಕಿ’, ಮೂಲೆಯಲ್ಲಿದ್ದ ಪೊರಕೆಗೂ ‘ಹಿಡಿಸೂಡಿ’. ಸಾಬೂನಿನ, ಬಿಸ್ಕತ್ತಿನ, ಕರ್ಪೂರದ ಖಾಲಿ ಪೊಟ್ಟಣಗಳು ಹಗ್ಗದಲ್ಲಿ ತೋರಣದಂತೆ ನೇತಾಡುತ್ತಿದ್ದವು. ಪುಸ್ತಕಗಳು ನೆಲದ ಮೇಲೆ ಚಾಪೆಯಲ್ಲಿ ಹರಡಿದ್ದವು. ಒಬ್ಬಳು ಹುಡುಗಿ ಬೋರಲು ಮಲಗಿ ಓದುತ್ತಿದ್ದಳು. ನಾನು ಮೂರು ಸಲ ಬಗ್ಗಿ ಮೂರು ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದು ಮೂಲೆ ಸೇರಿದೆ.

ಆ ದಿನದ ಆಟ ಹೀಗೆ: ಟೀಚರೇ ಬರೆದ ಒಂದು ಆಮೆಯ ಕತೆ. ಅದರ ಪ್ರತಿಯನ್ನು ಒಂದು ವಾರ ಮೊದಲೇ ಮನೆಗೆ ಕೊಟ್ಟಿದ್ದರು. ಧನ್ಯಾ ಎರಡೇ ಸಂಜೆಯಲ್ಲಿ ಕಲಿತಿದ್ದಳು. ಈಗ ಕತೆಯ ಐದು ಸಾಲುಗಳನ್ನು ಕತ್ತರಿಸಿ, ಐದು ಪಟ್ಟಿ ಮಾಡಿ, ಕಲಸಿ, ಐದು ಮಕ್ಕಳ ಕೈಗೆ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಪಟ್ಟಿಯನ್ನು ಓದಬೇಕು, ಆಮೇಲೆ ಕತೆ ನಡೆದ ಕ್ರಮದಲ್ಲಿ ಸಾಲಾಗಿ ನಿಲ್ಲಬೇಕು. ಧನ್ಯಾಳ ಕೈಗೆ ಬಂದ ಪಟ್ಟಿಯಲ್ಲಿ, ನಾನು ಕೂತಲ್ಲಿಂದಲೇ ಕಾಣುತ್ತಿತ್ತು, ‘ಆಮೆ ತೆಂಗಿನಕಾಯಿಗೆ ನಮಸ್ಕಾರ ಮಾಡಿತು’ ಎಂದಿತ್ತು. ನಾನು ನೆಟ್ಟಗೆ ಕೂತೆ.

ಧನ್ಯಾ ಪಟ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದು ಸುರು ಮಾಡಿದಳು. "ಒಂದು ಹೊಳೆಯಲ್ಲಿ ಒಂದು ಆಮೆ ಇತ್ತು. ಒಂದು ದಿನ ಹೊಳೆಯಲ್ಲಿ ತೆಂಗಿನಕಾಯಿ ತೇಲಿ ಬಂತು..."

ಅವಳು ನಿಲ್ಲಿಸಲೇ ಇಲ್ಲ. ಐದೂ ಸಾಲು ಹೇಳಿದಳು. ನಾನು ಹೇಳಿಕೊಟ್ಟ ರಾಗದಲ್ಲೇ, ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಂಡು ಹೇಳಿದಳು.

ಬದಿಯಲ್ಲಿದ್ದ ಹುಡುಗಿ ಧನ್ಯಾಳ ಪಟ್ಟಿಯನ್ನು ಇಣುಕಿ ನೋಡಿ, "ಅವ್ಳ್ ಚೀಟಿ ಅಷ್ಟ್ ಉದ್ದ ಇಲ್ಲ ಟೀಚರ್" ಎಂದಳು.

ಟೀಚರು ನಗಲಿಲ್ಲ. ಹತ್ತಿರ ಬಂದು ಕೂತು, "ಇದ್ರಲ್ಲಿ ಆಮೆ ಎಲ್ಲಿತ್ ತೋರ್ಸ್ ಕಾಂಬ ಧನ್ಯಾ" ಎಂದರು. ಧನ್ಯಾ ಪಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ‘ಮಾಡಿತು’ ಎಂಬಲ್ಲಿ ಕೈ ತೋರಿಸಿದಳು.

ನನ್ನ ಮಗಳಿಗೆ ಓದು ಬರುವುದಿಲ್ಲ. ಒಂದು ಅಕ್ಷರವೂ ಬರುವುದಿಲ್ಲ. ಒಂದೂವರೆ ವರ್ಷ ದಿನಾ ಅವಳ ಎದುರು ಕೂತ ನನಗೆ ಇದು ಗೊತ್ತಿಲ್ಲ. ಮಲ್ಲಿಗೆ ಮುಡಿದ ತಲೆಯನ್ನು ಎಲ್ಲಿ ಇಡಲಿ ಎಂದು ತಿಳಿಯಲಿಲ್ಲ.

ಮಕ್ಕಳು ಊಟಕ್ಕೆ ಹೋದ ಮೇಲೆ ಟೀಚರು ನನ್ನನ್ನು ಜಗಲಿಗೆ ಕರೆದರು. "ಗಿರಿಜಕ್ಕ, ಬೇಜಾರ್ ಮಾಡ್ಕಂಬೇಡಿ. ನಂಗೆ ಸ್ವಲ್ಪ ದಿನದಿಂದ ಸಂಶಯ ಇತ್ತ್. ಅದ್ಕೇ ನಿಮ್ಮನ್ನ ಕರ್ದದ್ದ್."

"ಅವ್ಳ್ ಇಷ್ಟ್ ದಿನ ನಂಗೆ ಸುಳ್ಳ್ ಹೇಳಿದ್ಳಾ ಟೀಚರೇ?"

"ಸುಳ್ಳ್ ಎಂತದ್ದ್? ಅಷ್ಟ್ ನೆನಪಿನ ಶಕ್ತಿ ಇಪ್ಪು ಮಗು ನಾ ಕಾಣ್ಲ. ಆರೆ ಮೂರನೇ ಕ್ಲಾಸಿಗ್ ಹೋದ್ರೆ ಪಾಠ ಉದ್ದ ಆತ್ತ್. ಅಷ್ಟ್ ಬಾಯಂಗೆ ಹಿಡ್ಸುಕೆ ಆತ್ತಿಲ್ಲೆ. ಆಗ ಒಂದ್ ದಿನ ಎಲ್ರ ಎದ್ರ್ ಗೊತ್ತಾತ್ತ್. ಆಮೇಲ್ ಅದ್ ಪುಸ್ತಕ ಕಂಡ್ರೇ ಹೆದರತ್ತ್. ಅದ್ಕ್ ಮೊದ್ಲೇ ನಾವ್ ಓದುಕೆ ಕಲ್ಸ್ಕ್."

ದೀಪಾವಳಿ ಕಳೆದ ಮೇಲೆ ಶಾಲೆಯಲ್ಲಿ ಓದುವ ಹಬ್ಬ ಮಾಡುತ್ತಾರೆ, ಪ್ರತಿ ಮಗುವೂ ಯಾವತ್ತೂ ಕೇಳದ ಒಂದು ಪುಟವನ್ನು ಎಲ್ಲರೆದುರು ಓದಬೇಕು ಎಂದೂ ಹೇಳಿದರು. ನಾನು ದಿನ ಎಣಿಸಿದೆ. ಎರಡು ತಿಂಗಳೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಧನ್ಯಾಳ ಕೈ ಹಿಡಿದುಕೊಂಡು ಕೇಳಿದೆ. "ನಿಂಗ್ ಓದುಕೆ ಬತ್ತಿಲ್ಯಾ ಮಗಾ?"

"ನಾ ಓದ್ತೆ ಅಲ್ದಾ? ನೀನೂ ಹೀಂಗೇ ಓದುದ್."

"ನಾನಾ?"

"ಹೌದ್. ಸಂಜಿಗ್ ಹಾಡ್ ಹೇಳ್ವತಿಗೆ ನೀ ಪುಸ್ತಕ ಎಲ್ ಕಾಂತೆ? ದೀಪ ಕಾಂತೆ. ಪುಟ ಮಾತ್ರ ತಿರ್ಗ್ಸ್ತೆ." ಸ್ವಲ್ಪ ದೂರ ನಡೆದ ಮೇಲೆ ಅವಳೇ ಮತ್ತೆ ಹೇಳಿದಳು. "ಆ ಮಕ್ಳೆಲ್ಲ ಚೀಟಿ ಕಂಡ್ ಹೇಳ್ತ್ರ್. ಅದ್ ನಂಗ್ ಬತ್ತಿಲ್ಲ. ನೀ ಎಲ್ರ ಹತ್ರನೂ ನಂಗ್ ಓದುಕ್ ಬತ್ತ್ ಅಂದ್ ಹೇಳಿಯಾಯ್ತ್ ಅಲ್ದಾ, ಅದ್ಕೆ ಸುಮ್ನಿದ್ದೆ."

ಹೇಳಿಯಾಗಿತ್ತು, ಮೀನಿನ ಬುಟ್ಟಿಯ ಎದುರೂ ಬಿಟ್ಟಿರಲಿಲ್ಲ.

ಆ ಸಂಜೆ ದೇವಿಗೆ ಹರಕೆ ಹೇಳಿಕೊಂಡೆ. ನಲವತ್ತೆಂಟು ದಿನ ಮಗಳನ್ನು ಬದಿಗೆ ಕೂರಿಸಿಕೊಂಡು ನಿನ್ನ ಹಾಡು ಹೇಳುತ್ತೇನೆ, ಓದುವ ಹಬ್ಬಕ್ಕೆ ಮೊದಲು ಅವಳಿಗೆ ಓದು ಬರಲಿ, ಊರ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸುತ್ತೇನೆ ಎಂದು. ಸೋಮವಾರ ಟೀಚರಿಗೂ ಹೇಳಿದೆ. ಅವರು ತಲೆಯಾಡಿಸಿ, "ಹರಕೆ ಹೇಳ್ಕಂಡದ್ದ್ ಒಳ್ಳೇದಾಯ್ತ್. ಆರೆ ಓದ್ವತಿಗೆ ಅಕ್ಷರದ ಕೆಳಗೆ ಬೆರಳ್ ಇಡುಕೆ ಬಿಡಿ" ಎಂದರು.

"ಬೆರಳ್ ಒಂದ್ ಬ್ಯಾಡ ಟೀಚರೇ. ನಾವ್ ಅಕ್ಷರ ಮುಟ್ಟುದಿಲ್ಲೆ."

ಅವರು ನನ್ನನ್ನು ನೋಡಿದರು. ನಕ್ಕುಬಿಡುತ್ತಾರೆ ಎಂದುಕೊಂಡೆ, ನಗಲಿಲ್ಲ. ಮೇಜಿನ ಡ್ರಾಯರಿನಿಂದ ಒಂದು ಐಸ್‌ಕ್ಯಾಂಡಿ ಕಡ್ಡಿ ತೆಗೆದರು. ಮಕ್ಕಳು ತಿಂದು ಬಿಸಾಡಿದ್ದನ್ನು ಹೆಕ್ಕಿ, ಕುದಿಸಿ, ಒಣಗಿಸಿ, ತುದಿಗೆ ಬಣ್ಣ ಹಚ್ಚಿ ಒಂದು ಕಟ್ಟು ಮಾಡಿಟ್ಟಿದ್ದರು. "ಬೆರಳ್ ಬ್ಯಾಡ. ಕಡ್ಡಿ ಆತ್ತಾ?"

ನಾನು ಯೋಚಿಸಿದೆ. ಕಡ್ಡಿಗೆ ನಮ್ಮ ಮನೆಯಲ್ಲಿ ಯಾರೂ ಏನೂ ಹೇಳಿರಲಿಲ್ಲ. "ಆತ್ತ್" ಎಂದೆ. ಆ ದಿನದ ಎಣಿಕೆಯಲ್ಲಿ ಮೊದಲ ಉಪಕಾರ ಅದೇ.

ಇನ್ನೂ ಒಂದು ಪಾಠ ಹೇಳಿ ಕಳುಹಿಸಿದರು. ಓದುತ್ತ ಹೋಗುವಾಗ ಮಗು ನಡುನಡುವೆ ಕೇಳಬೇಕಂತೆ: ಯಾಕೆ? ಹೇಗೆ? ಆಮೇಲೆ ಎಂತ ಆಯಿತು? ಕೇಳಿದರೆ ಬೈಯಬಾರದಂತೆ. ಕೊಕ್ಕರ್ಣೆಯ ಇಬ್ಬರು ಆಷಾಢರನ್ನು ನೆನೆದು ಸರಿ ಎಂದೆ.

ಮನೆಯಲ್ಲಿ ನನ್ನ ಪ್ರಯೋಗಗಳು ಸುರುವಾದವು. ಶಾಲೆಯಲ್ಲಿ ಕಂಡ ಹಾಗೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಧನ್ಯಾ ಎರಡೇ ದಿನದಲ್ಲಿ ಎಲ್ಲ ಸರಿಯಾಗಿ ಓದಿದಳು. ನಾನು ಒಮ್ಮೆ ಪೆಟ್ಟು ತಿಂದವಳು, ನಂಬಲಿಲ್ಲ. ಪರೀಕ್ಷೆಗೆಂದು ಉಪ್ಪು ಮತ್ತು ಸಕ್ಕರೆಯ ಚೀಟಿಗಳನ್ನು ಅದಲು ಬದಲು ಮಾಡಿದೆ. ನಿಜವೇ, ಅವಳು ಡಬ್ಬಿ ಇದ್ದ ಜಾಗ ನೋಡಿ ಹೇಳುತ್ತಿದ್ದಳು, ಬಸ್ಸಿನ ಬಣ್ಣ ನೋಡಿ ನಾವು ಹತ್ತುವ ಹಾಗೆ. ಇಷ್ಟು ಕಂಡುಹಿಡಿದ ಖುಷಿಯಲ್ಲಿ ಚೀಟಿಗಳನ್ನು ಸರಿ ಮಾಡಲು ಮರೆತೆ. ಮರುದಿನ ಬೆಳಿಗ್ಗೆ ಚೀಟಿ ಓದಿ ಚಹಾಕ್ಕೆ ಮೂರು ಚಮಚ ಉಪ್ಪು ಹಾಕಿದವಳು ನಾನೇ. ಅತ್ತೆ ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಓದುಕೆ ಬಪ್ಪವ್ರ್ ಮಾಡಿದ್ ಚಾ ಅಂದ್ರೆ ಇದಾ? ಇನ್ನ್ ಮೇಲೆ ನಾನೇ ಮಾಡ್ತೆ. ನಂಗೆ ಓದುಕೆ ಬತ್ತಿಲ್ಲ."

ಇನ್ನೊಂದು ಪ್ರಯೋಗ ರಂಗೋಲಿಯದ್ದು. ದಿನಕ್ಕೊಂದು ಅಕ್ಷರವನ್ನು ಹೊಸ್ತಿಲ ಎದುರು ದೊಡ್ಡದಾಗಿ ಬಿಡಿಸಿದರೆ ಮಗುವಿನ ಕಣ್ಣಿಗೆ ಬೀಳುತ್ತದೆ ಎಂದು ನನ್ನ ಲೆಕ್ಕ. ‘ರ’ ಬಿಡಿಸಿ ಎದ್ದು ನಿಂತ ಮೇಲೆ ಹೊಳೆಯಿತು: ಇದನ್ನು ತುಳಿಯುವಂತಿಲ್ಲ. ಹಾಗಾಗಿ ಹದಿನೈದು ದಿನ ನಮ್ಮ ಮನೆಯ ಎಲ್ಲರೂ, ಬಂದ ನೆಂಟರೂ, ಹಿಂದಿನ ಬಾಗಿಲಿನಿಂದ, ದನದ ಹಟ್ಟಿಯ ಪಕ್ಕದಿಂದ ಓಡಾಡಿದರು. ನಮ್ಮನೆಯವರು ಕೆಲಸಕ್ಕೆ ಹೊರಟವರು ಸೆಗಣಿ ತುಳಿದು ವಾಪಸ್ಸು ಬಂದು, "ಧನ್ಯಾ, ಬೇಗ ಓದುಕೆ ಕಲಿ ಮಗಾ. ನನ್ ಚಪ್ಲಿಗಾರೂ ಪುಣ್ಯ ಬರ್ಲಿ" ಎಂದರು.

ನಗುವಂತಿದ್ದರೂ ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ. ಸಂಜೆ ಅವಳು ಕಡ್ಡಿ ಹಿಡಿದು ‘ಮ... ರ...’ ಎಂದು ತಡವರಿಸುವಾಗ, ನಿರರ್ಗಳವಾಗಿ ಓದುತ್ತಿದ್ದ ಮಗಳು ಎಲ್ಲಿ ಹೋದಳು ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಬಾಯಿಗೆ ಬಂದ ಪದವನ್ನು ಹೇಳಿಕೊಡಬಾರದು ಎಂದು ಟೀಚರ ಅಪ್ಪಣೆ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಕೂರುತ್ತಿದ್ದೆ. ಹಾಗೂ ಹೀಗೂ ಒಂದು ದಿನ, ಬಸ್ಸಿಗೆ ಕಾಯುವಾಗ, ಬಂದ ನೀಲಿ ಬಸ್ಸಿನ ಎದುರಿಗೆ ಕಣ್ಣು ಕಿರಿದು ಮಾಡಿ, "ಕುಂ... ದಾ..." ಎಂದಳು. ನಾನು ಮೊದಲ ಬಾರಿ ಆ ಬೋರ್ಡು ನೋಡಿದೆ. ಹೌದು, ಕುಂದಾಪುರ. ಆದರೂ ನನ್ನ ಮನಸ್ಸು ನಂಬಲಿಲ್ಲ. ನೀಲಿ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಲ್ಲ. ಅವಳ ಎಲ್ಲ ಓದಿಗೂ ನನಗೆ ಇದೇ ಸಂಶಯ. ನನ್ನ ಬಾಯಿಂದಲೋ ಟೀಚರ ಬಾಯಿಂದಲೋ ಕೇಳಿದ್ದನ್ನೇ ಹೇಳುತ್ತಿದ್ದರೆ?

ಹರಕೆಯ ಮೂವತ್ತನೆಯ ದಿನವೋ ಮೂವತ್ತೊಂದೋ ಇರಬೇಕು. ಸಂಜೆ ದೀಪ ಹಚ್ಚಿ ದೇವಿಯ ಹಾಡಿನ ಪುಸ್ತಕ ತೆರೆದೆ. ನಾನು ಮದುವೆಯಾಗಿ ಬರುವಾಗ ತವರಿನಿಂದ ತಂದ ಪುಸ್ತಕ ಅದು, ಕೆಂಪು ರಟ್ಟು, ದಪ್ಪ ಅಕ್ಷರ, ಸರಳ ಕನ್ನಡ. ಧನ್ಯಾ ತನ್ನ ಚೀಲದಿಂದ ಇನ್ನೊಂದು ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟಳು. ಮೇಲೆ ‘ಅಮ್ಮ’ ಎಂದು ಅವಳೇ ಬರೆದಿದ್ದಳು, ಮ ಒತ್ತು ಸ್ವಲ್ಪ ದೂರ ಹೋಗಿ ಕೂತಿತ್ತು.

"ನಂಗ್ ಎಂತಕೆ ಮಗಾ? ನಂಗೆ ಹಾಡ್ ಬತ್ತ್."

"ಓದುದಾರೆ ಕಡ್ಡಿ ಇಡ್ಕ್ ಅಂದ್ ಟೀಚರ್ ಹೇಳಿದ್ರ್. ದೀಪ ಕಾಂಬುಕಿಲ್ಲ."

ಸರಿ, ಇಟ್ಟೆ. ನಾನು ಸಾಲಿನ ಮೇಲಿಂದ, ಅವಳು ಸಾಲಿನ ಕೆಳಗಿಂದ. ಹದಿನಾರು ವರ್ಷದಲ್ಲಿ ಹಾಡು ಅಷ್ಟು ನಿಧಾನವಾಗಿ ಹೋದದ್ದಿಲ್ಲ. ಹದಿಮೂರನೇ ಪುಟದಲ್ಲಿ ದೇವಿ, ಕಷ್ಟದಲ್ಲಿರುವ ಒಬ್ಬ ಹೆಂಗಸು ಕರೆದಳೆಂದು ಗುಡಿಯ ಬಾಗಿಲು ತೆರೆದು ಹೊರಡುತ್ತಾಳೆ. ಪುಟ ತಿರುವಿದೆ. ದೇವಿ ಆ ಹೆಂಗಸಿನ ಜಗಲಿಯಲ್ಲಿ ಕೂತು ಹಾಲು ಕುಡಿಯುತ್ತಿದ್ದಾಳೆ.

ಧನ್ಯಾಳ ಕಡ್ಡಿ ನಿಂತಿತು. "ಹ್ಯಾಂಗ್ ಬಂದ್ಲ್?"

"ಯಾರ್?"

"ದೇವಿ. ಈಗ ಗುಡಿ ಹತ್ರ ಇದ್ಲ್ ಅಲ್ದಾ? ಹ್ಯಾಂಗ್ ಬಂದ್ಲ್? ಬಸ್ಸಿಗಾ?"

ಕೇಳಿದರೆ ಬೈಯಬಾರದೆಂದು ಟೀಚರು ಹೇಳಿದ್ದರಿಂದ ಬೈಯಲಿಲ್ಲ. "ದೇವ್ರ್ ಅಲ್ದಾ ಮಗಾ, ಬತ್ತ್ರ್" ಎಂದೆ. ಹದಿನಾರು ವರ್ಷ ನಾನೂ ಹಾಗೆಯೇ ಎಂದುಕೊಂಡಿದ್ದೆ. ಎಂದುಕೊಂಡಿದ್ದೆ ಎಂದರೂ ಸುಳ್ಳಾಗುತ್ತದೆ. ಅಲ್ಲಿ ಕೇಳುವಂಥದ್ದು ಏನಾದರೂ ಇದೆ ಎಂದೇ ನನಗೆ ಕಂಡಿರಲಿಲ್ಲ.

ಅವಳು ಕಡ್ಡಿಯನ್ನು ಪುಟದ ಕೆಳಗಿನ ಮೂಲೆಗೆ ಒಯ್ದಳು. "ಹದ್ನಾರ್." ಹಿಂದಕ್ಕೆ ತಿರುವಿದಳು. "ಹದ್ಮೂರ್. ಅಮ್ಮ, ಹದ್ನಾಲ್ಕ್ ಎಲ್ಲಿತ್?"

ನಾನು ಆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ದಪ್ಪವಿತ್ತು. ಒಂದು ಹಾಳೆಯಲ್ಲ, ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ದೀಪದ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಂದು ಬಣ್ಣದ ಕಲೆ.

ಆ ಕಲೆ ನನಗೆ ಗೊತ್ತಿತ್ತು. ಅಷ್ಟು ವರ್ಷ ಮರೆತಿದ್ದು ಒಂದೇ ಸಲ ನೆನಪಾಯಿತು. ಮದುವೆಯಾದ ಮೊದಲ ವರ್ಷ, ಒಂದು ಶುಕ್ರವಾರ, ಪಂಚಾಮೃತದ ಬಟ್ಟಲು ನನ್ನ ಕೈತಾಗಿ, ತೆರೆದಿಟ್ಟ ಈ ಪುಸ್ತಕದ ಮೇಲೆ ಮಗುಚಿತ್ತು. ಹೊಸ ಸೊಸೆ, ಅತ್ತೆಯ ಭಯ. ಸೆರಗಿನಲ್ಲಿ ಒರೆಸಿ, ಪುಸ್ತಕ ಮುಚ್ಚಿ, ಅಕ್ಕಿ ಪೆಟ್ಟಿಗೆಯ ಹಿಂದೆ ಎರಡು ದಿನ ಒಣಗಿಸಿ, ಏನೂ ಆಗದವಳಂತೆ ದೇವರ ಮಣೆಗೆ ಸೇರಿಸಿದ್ದೆ. ಹಾಡನ್ನು ನಾನು ಕಲಿತದ್ದು ಆ ಮೇಲೆ, ಅದೇ ಪುಸ್ತಕದಿಂದ. ಎಂದರೆ ಒಂಬತ್ತು ವರ್ಷ ಮಗು ಬೇಕೆಂದು ಹೇಳಿದ ಹಾಡು ಅರ್ಧಂಬರ್ಧ. ಜ್ವರದಲ್ಲಿ ಹೇಳಿದ್ದು ಅರ್ಧಂಬರ್ಧ. ಈಗಿನ ಹರಕೆಯ ಮೂವತ್ತು ದಿನವೂ ಅರ್ಧಂಬರ್ಧ. ಪ್ರತಿ ಸಂಜೆ ದೇವಿಯನ್ನು ಗುಡಿಯಿಂದ ಹೊರಡಿಸಿ, ದಾರಿಯನ್ನೇ ಕೊಡದೆ ಜಗಲಿಯಲ್ಲಿ ಕೂರಿಸಿದ್ದೇನೆ.

"ಅತ್ತೇ" ಎಂದು ಕರೆದೆ. ಅವರು ಬಂದು ಬಾಗಿಲಲ್ಲಿ ನಿಂತರು. ಹದಿನಾರು ವರ್ಷದ ಹಿಂದಿನ ಬಟ್ಟಲಿನ ಸಂಗತಿಯನ್ನು ಮಗಳ ಎದುರಿಗೇ ಹೇಳಿದೆ.

ಅತ್ತೆಗೆ ಆಶ್ಚರ್ಯವಾಗಲಿಲ್ಲ. "ಅದ್ ನಂಗೆ ಆಗ್ಳೇ ಗೊತ್ತಿತ್ತ್. ದೇವ್ರ ಮಣಿಗೆ ಒಂದ್ ವಾರ ಇರ್ವೆ ಹತ್ತಿತ್ತಲೆ. ಹೊಸ ಹೆಣ್ಣ್, ಹೆದ್ರಿದ್ಳ್ ಅಂದ್ ಕೇಳ್ಲ."

"ನೀವ್ ಅವತ್ತೇ ಕೇಳ್ಕಿತ್ತ್ ಅತ್ತೇ."

"ನೀ ಹೇಳ್ಕಿತ್ತ್" ಎಂದರು ಅವರು. ಆಮೇಲೆ, "ಇಡ್ಲಿ ಪಾತ್ರೆಗೆ ನೀರ್ ಇಡ್ತೆ. ಹಬೆ ತಾಗ್ರೆ ಬಿಡತ್ತ್" ಎಂದು ಒಳಗೆ ಹೋದರು.

ನನ್ನ ಬದಿಯಲ್ಲಿ ಕೂತವಳನ್ನು ನೋಡಿದೆ. ಅಮ್ಮನಿಗೆ ಬೇಸರವಾಗುತ್ತದೆ ಎಂದು ಓದು ಬಾರದ್ದನ್ನು ಮುಚ್ಚಿಟ್ಟವಳು, ಅತ್ತೆ ಬೈಯುತ್ತಾರೆ ಎಂದು ಪುಸ್ತಕವನ್ನು ಮುಚ್ಚಿಟ್ಟವಳ ಕಡೆ ಕಣ್ಣರಳಿಸಿ ನೋಡುತ್ತಿದ್ದಳು. ಅಮ್ಮಂದಿರೂ ಹೀಗೆ ಮಾಡುತ್ತಾರೆ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಹಾಳೆಗಳನ್ನು ಹಬೆಗೆ ಹಿಡಿದೆ. ಚಾಕು ತಾಗಿಸಲು ಮನಸ್ಸಾಗಲಿಲ್ಲ. ‘ಅಮ್ಮ’ ಎಂದು ಬರೆದ ಕಡ್ಡಿಯನ್ನೇ ಅಂಚಿನಿಂದ ಮೆಲ್ಲಗೆ ತೂರಿಸಿ ಬಿಡಿಸಿದೆ. ಒಂದೆರಡು ಅಕ್ಷರ ಎದುರಿನ ಪುಟಕ್ಕೆ ಅಂಟಿಕೊಂಡು ಹೋದವು. ಉಳಿದದ್ದೆಲ್ಲ ಇತ್ತು. ಹದಿನಾಲ್ಕು, ಹದಿನೈದು. ಹದಿನಾರು ವರ್ಷ ಬೆಳಕು ಕಾಣದ ಪುಟಗಳ ಅಕ್ಷರ ಬೇರೆ ಪುಟಗಳಿಗಿಂತ ಕಪ್ಪಾಗಿತ್ತು.

ಮತ್ತೆ ದೀಪದ ಎದುರು ಕೂತೆವು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಮುಂದಿನ ಸಾಲು ತನ್ನಷ್ಟಕ್ಕೆ ನಾಲಿಗೆಗೆ ಬರುವುದು ಅಭ್ಯಾಸವಾದವಳಿಗೆ ಗುರುತಿಲ್ಲದ ಸಾಲನ್ನು ಎಲ್ಲಿಂದ ಹಿಡಿಯುವುದೆಂದೇ ತಿಳಿಯಲಿಲ್ಲ. ನನಗಿಂತ ಮೊದಲು ಧನ್ಯಾಳ ಕಡ್ಡಿ ಹೊರಟಿತು.

"ಹೊ... ಳೆ... ಹೊಳೆಯ... ದಾ... ಟಿ... ದಳು."

ನನ್ನ ಕಡ್ಡಿ ಇನ್ನೂ ಮೊದಲ ಅಕ್ಷರದ ಮೇಲೆಯೇ ಇತ್ತು.

ಅವಳ ಕಡ್ಡಿ ಮುಂದೆ ಹೋಯಿತು. ದೋಣಿಯವನಿಗೆ ಅವಳು ದೇವಿ ಎಂದು ತಿಳಿಯಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿತು. ಗದ್ದೆಯ ಅಂಚಿನಲ್ಲಿ ಕೂತು ಮುಳ್ಳು ತೆಗೆದಳು. ಒಂದು ಮನೆಯಲ್ಲಿ ನೀರು ಕೇಳಿದಳು. ಇದೆಲ್ಲ ಒಂದೊಂದೇ ಅಕ್ಷರವಾಗಿ, ಒಂದೊಂದೇ ಹೆಜ್ಜೆಯಾಗಿ ನನ್ನ ಮಗಳ ಬಾಯಿಂದ ಬರುತ್ತಿತ್ತು. ಒತ್ತಕ್ಷರ ಬಂದಲ್ಲಿ ಅವಳು ನಿಲ್ಲುತ್ತಿದ್ದಳು, ಎರಡು ಸಲ ತಪ್ಪುತ್ತಿದ್ದಳು, ಮೂರನೆಯ ಸಲಕ್ಕೆ ಹಿಡಿಯುತ್ತಿದ್ದಳು. ನಾನು ಹೇಳಿಕೊಡಲಿಲ್ಲ. ಹೇಳಿಕೊಡಲು ನನಗೆ ಗೊತ್ತಿರಲೂ ಇಲ್ಲ. ಆ ಎರಡು ಪುಟ ನನ್ನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ, ಆ ಮನೆಯ ಗೋಡೆಗಳು ಕೇಳಿದ್ದಲ್ಲ. ಬಾಗಿಲಲ್ಲಿ ಅತ್ತೆ ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದುಕೊಂಡೇ ನಿಂತಿದ್ದರು.

ಹದಿನೈದನೇ ಪುಟದ ಕಡೆಯ ಸಾಲಿನಲ್ಲಿ ದೇವಿ ಹೆಂಗಸಿನ ಅಂಗಳಕ್ಕೆ ಕಾಲಿಟ್ಟಳು. ಧನ್ಯಾ ಕಡ್ಡಿ ಎತ್ತಿದಳು.

"ಅಮ್ಮ, ಇದ್ ನೀ ಮೊದ್ಲ್ ಹೇಳಿದ್ಯಾ?"

"ಇಲ್ಲ ಮಗಾ."

"ಹಂಗಾರೆ ನಾ ಕೇಂಡದ್ದಲ್ಲ."

"ಅಲ್ಲ."

"ಓದಿದ್ದ್" ಎಂದಳು.

ಓದುವ ಹಬ್ಬದ ದಿನ ಅವಳು ಎರಡು ಕಡೆ ತಡವರಿಸಿ ಒಂದು ಪುಟ ಓದಿದಳು, ಹೂವಿನ ಪೂಜೆಯೂ ಆಯಿತು. ಹರಕೆಯ ದಿನಗಳನ್ನು ಮಾತ್ರ ನಾನು ಆ ಸಂಜೆಯಿಂದ ಮತ್ತೆ ಒಂದು ಎಂದು ಎಣಿಸಿದೆ. ಅರ್ಧ ಹಾಡು ಕೇಳಿಯೇ ಮಗುವನ್ನು ಕೊಟ್ಟವಳಿಗೆ ಪೂರ್ತಿ ಹಾಡನ್ನು ನಲವತ್ತೆಂಟು ದಿನವಾದರೂ ಹೇಳಬೇಡವೇ?

ಇಷ್ಟೆಲ್ಲ ನೆನೆಯುತ್ತ ಚೀಲ ಒಗೆದು ಬಿಸಿಲಿಗೆ ಹಾಕಿ ಒಳಗೆ ಬಂದರೆ ಧನ್ಯಾ ಏನನ್ನೋ ಹುಡುಕುತ್ತಿದ್ದಳು.

"ನನ್ ಕಡ್ಡಿ ಎಲ್ಲಿತ್ ಅಮ್ಮ?"

"ದೇವ್ರ ಹತ್ರ ಇಟ್ಟಿದ್ದೆ ಮಗಾ."

ಅವಳು ಹೋಗಿ ಎರಡನ್ನೂ ಎತ್ತಿಕೊಂಡಳು. "ದೇವ್ರಿಗ್ ಎಂತಕೆ? ಅವ್ರಿಗೆ ಓದುಕೆ ಬತ್ತ್ ಅಲ್ದಾ?" ಎನ್ನುತ್ತ ‘ಅಮ್ಮ’ ಎಂದು ಬರೆದದ್ದನ್ನು ನನ್ನ ಕೈಯಲ್ಲಿಟ್ಟಳು.